ಆತಕೂರಿನ ಕಾಳಿ ಮತ್ತು ಮುಧೋಳದ ನಾಯಿ: ತಳಿ, ಶಾಸನ ಹಾಗೂ ಬೇಟೆಯ ಮಾತು

ಕನ್ನಡದ ಗಾದೆಗಳಲ್ಲಿ ನಾಯಿಗೆ ಗೌರವದ ಸ್ಥಾನವಿಲ್ಲ. ಅದರ ಬಾಲ ಡೊಂಕು. ಅದಕ್ಕೆ ಹೇಳಿದ ಕೆಲಸವನ್ನು ಅದು ತನ್ನ ಬಾಲಕ್ಕೆ ಹೇಳುತ್ತದೆ. ಬೈಗುಳಗಳಲ್ಲಂತೂ ಅದರ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಇದೇ ಭಾಷೆಯಲ್ಲಿ, ಕ್ರಿ.ಶ. 10ನೆಯ ಶತಮಾನದ ನಡುವಿನಲ್ಲಿ, ಒಂದು ನಾಯಿಯ ಸಾವನ್ನು ಕಲ್ಲಿನಲ್ಲಿ ಬರೆಸಿ, ಆ ಕಲ್ಲನ್ನು ದೇವಾಲಯದ ಮುಂದೆ ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟ ದಾಖಲೆಯೂ ಇದೆ. ಗಾದೆಯ ನಾಯಿ ಬೀದಿಯ ನಾಯಿ. ಶಾಸನದ ನಾಯಿ ಬೇಟೆಯ ನಾಯಿ. ಇವೆರಡರ ನಡುವಿನ ಅಂತರವನ್ನು ಗಮನಿಸದೆ ಕರ್ನಾಟಕದ ಬೇಟೆನಾಯಿಯ ಚರಿತ್ರೆಯನ್ನು ಬರೆಯಲಾಗದು.

ಇಂದು ಬೇಟೆನಾಯಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ. ಅದರ ಪ್ರಾಚೀನತೆಯನ್ನು ಹೇಳುವಾಗ ಆತಕೂರಿನ ಶಾಸನವನ್ನು ಉಲ್ಲೇಖಿಸಿ, ಅಲ್ಲಿನ ಕಾಳಿ ಎಂಬ ನಾಯಿಯೇ ಮುಧೋಳ ತಳಿಯ ಮೂಲವೆಂಬಂತೆ ಮಾತನಾಡುವುದು ರೂಢಿಯಾಗಿದೆ. ದಿಲ್ಲಿಯಲ್ಲಿ ಕನ್ನಡ ಪಾಠ ಹೇಳುವ ನನ್ನಂಥವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಏಕೆಂದರೆ ಈ ನಾಯಿ ಈಗ ದಿಲ್ಲಿಯ ಸುತ್ತಣ ರಾಷ್ಟ್ರ ರಾಜಧಾನಿ ವಲಯಕ್ಕೂ ಬಂದಿದೆ: ಮೀರತ್‌ನ ಸೇನಾ ಶಿಬಿರಕ್ಕೆ ಜೀವಂತವಾಗಿ, ಕರ್ನಾಲ್‌ನ ನೋಂದಣಿ ಪುಸ್ತಕಕ್ಕೆ ಹೆಸರಾಗಿ. ಕಾಳಿಗೂ ಮುಧೋಳದ ನಾಯಿಗೂ ಇರುವ ಸಂಬಂಧ ಯಾವ ಬಗೆಯದು, ಶಾಸನ ಅದನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆ, ಕೆಲಸದ ನಾಯಿಯೊಂದು ತನ್ನ ಕೆಲಸವನ್ನು ಕಳೆದುಕೊಂಡಾಗ ಏನಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮುಧೋಳ ನಾಯಿಯ ಲಕ್ಷಣಗಳು

ಬೇಟೆನಾಯಿಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೂಗಿನಿಂದ ಜಾಡು ಹಿಡಿದು ಹೋಗುವವು ಒಂದು ಬಗೆ. ಕಣ್ಣಿನಿಂದ ಮೃಗವನ್ನು ಗುರುತಿಸಿ ಓಟದಿಂದ ಅದನ್ನು ಹಿಡಿಯುವವು ಇನ್ನೊಂದು ಬಗೆ. ಮುಧೋಳ ನಾಯಿ ಎರಡನೆಯ ಬಗೆಗೆ ಸೇರಿದ್ದು. ಅರೇಬಿಯದ ಸಲೂಕಿ, ಅಫಘಾನಿಸ್ತಾನದ ನಾಯಿ, ಇಂಗ್ಲೆಂಡಿನ ಗ್ರೇಹೌಂಡ್, ಉತ್ತರ ಭಾರತದ ರಾಂಪುರ ನಾಯಿ, ತಮಿಳುನಾಡಿನ ಚಿಪ್ಪಿಪಾರೈ ಇವೆಲ್ಲ ಇದೇ ವರ್ಗದವು.

ಈ ನಾಯಿಯ ಪ್ರತಿಯೊಂದು ಅಂಗವೂ ಓಟಕ್ಕಾಗಿಯೇ ರೂಪುಗೊಂಡಂತಿದೆ. ತಲೆ ಉದ್ದ ಮತ್ತು ಕಿರಿದು, ಮೂತಿ ಚೂಪು, ಕಿವಿಗಳು ತಲೆಗೆ ಅಂಟಿದಂತೆ ಜೋತು ಬಿದ್ದಿರುತ್ತವೆ. ಎದೆ ಆಳವಾಗಿದ್ದು ಹೃದಯ ಮತ್ತು ಶ್ವಾಸಕೋಶಗಳಿಗೆ ಹೆಚ್ಚು ಜಾಗ ಕೊಡುತ್ತದೆ. ಹೊಟ್ಟೆ ಒಳಕ್ಕೆ ಸೇದಿದಂತಿದ್ದು ಓಡುವಾಗ ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದಕ್ಕೆ ಬೀಳಲು ಅನುವಾಗುತ್ತದೆ. ಚರ್ಮ ತೆಳು, ಕೂದಲು ಗಿಡ್ಡ, ಕೊಬ್ಬು ಅತ್ಯಲ್ಪ. ಹೀಗಾಗಿ ಬಿಸಿಲಿನ ನಾಡಿಗೆ ಇದು ಒಗ್ಗಿದ ದೇಹ. ಗಂಡು ನಾಯಿಯ ಎತ್ತರ ಭುಜದ ಬಳಿ ಸುಮಾರು 70 ಸೆಂಟಿಮೀಟರ್. ಹೆಣ್ಣು ಅದಕ್ಕಿಂತ ತುಸು ಕಡಿಮೆ. ಪೂರ್ಣ ವೇಗದಲ್ಲಿ ಓಡುವಾಗ ಈ ವರ್ಗದ ನಾಯಿಗಳ ನಾಲ್ಕು ಕಾಲುಗಳೂ ಒಂದು ನೆಗೆತದ ಆವರ್ತದಲ್ಲಿ ಎರಡು ಬಾರಿ ನೆಲವನ್ನು ಬಿಟ್ಟಿರುತ್ತವೆ: ದೇಹವನ್ನು ಚಾಚಿದಾಗ ಒಮ್ಮೆ, ಮಡಿಚಿದಾಗ ಇನ್ನೊಮ್ಮೆ. ಕುದುರೆಯ ಓಟದಲ್ಲಿ ಇದು ಒಂದೇ ಬಾರಿ ಸಂಭವಿಸುತ್ತದೆ.

ಸ್ವಭಾವದಲ್ಲಿಯೂ ಇದು ಭಿನ್ನವಾದುದು. ಅಪರಿಚಿತರ ಬಳಿ ಸುಲಿದುಕೊಂಡು ಬರುವ ನಾಯಿ ಇದಲ್ಲ. ಮನೆಯವರಲ್ಲಿ ನಿಷ್ಠೆ ಉಂಟು, ಆದರೆ ಅತಿಯಾದ ಸಲಿಗೆಯಿಲ್ಲ. ಗದರಿಕೆಗೆ ಬೇಗ ಮುದುಡುತ್ತದೆ. ಕಟ್ಟಿಹಾಕಿದರೆ ಕುಗ್ಗುತ್ತದೆ. ಬಯಲಿನಲ್ಲಿ ಏನಾದರೂ ಅಲುಗಾಡಿದರೆ ಮಾತ್ರ ಕರೆದರೂ ಕೇಳಿಸದಷ್ಟು ಏಕಾಗ್ರತೆಯಿಂದ ಅದರ ಬೆನ್ನು ಹತ್ತುತ್ತದೆ. ಇದನ್ನು ಅವಿಧೇಯತೆ ಎಂದು ಭಾವಿಸುವುದು ಸರಿಯಲ್ಲ. ಕಣ್ಣಿಗೆ ಕಂಡ ಮೃಗವನ್ನು ಒಡೆಯನ ಅಪ್ಪಣೆಗೆ ಕಾಯದೆ ತಾನೇ ನಿರ್ಧರಿಸಿ ಹಿಡಿಯುವುದಕ್ಕಾಗಿಯೇ ತಲೆಮಾರುಗಳ ಕಾಲ ಆಯ್ದು ಬೆಳೆಸಿದ ನಾಯಿ ಇದು. ಲಕ್ಷಣಗಳು ಕೆಲಸದಿಂದ ಬಂದವು ಎಂಬ ಈ ಮಾತನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡಬೇಕು.

2. ಆತಕೂರಿನ ಕಲ್ಲು

ಆತಕೂರು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಅಲ್ಲಿನ ಚಲ್ಲೇಶ್ವರ ದೇವಾಲಯದ ಮುಂದಿದ್ದ ಶಾಸನಶಿಲೆ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಮತ್ತು ಹಂದಿ ಒಂದರೊಡನೊಂದು ಸೆಣಸುತ್ತಿರುವ ಶಿಲ್ಪವೂ ಅದರ ಮೇಲಿದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದಲ್ಲಿಯೂ ಜೆ.ಎಫ್. ಫ್ಲೀಟ್ ಅವರ ಸಂಪಾದನೆಯಲ್ಲಿ ‘ಎಪಿಗ್ರಾಫಿಯಾ ಇಂಡಿಕ’ದಲ್ಲಿಯೂ ಇದು ಪ್ರಕಟವಾಗಿದೆ.

ಶಾಸನದ ಕಾಲ ಶಕ 872, ಸೌಮ್ಯ ಸಂವತ್ಸರ; ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಎದುರಿಸಿ ಗೆದ್ದ ಸಂದರ್ಭ. ಕೃಷ್ಣನ ಪಕ್ಷದಲ್ಲಿ ಹೋರಾಡಿದ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದನು. ಬೂತುಗನ ಆಳಾದ ಸಗರವಂಶದ ಮಣಲೇರನು ಆ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಜೊತೆಯಲ್ಲಿಯೇ ಸತ್ತವು. ಅದಕ್ಕಾಗಿ ಚಲ್ಲೇಶ್ವರದ ಮುಂದೆ ಕಲ್ಲನ್ನು ನಡೆಸಿ, ಎರಡು ಖಂಡುಗದ ಗದ್ದೆಯನ್ನು ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸಬೇಕು. ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುವುದೆಂಬ ಎಚ್ಚರಿಕೆಯೂ ಇದೆ. ಇಲ್ಲಿ ಗೊರವನೆಂದರೆ ಶೈವ ಸ್ಥಾನಾಧಿಪತಿ. ನಾಯಿಯಂತೆ ನಟಿಸಿ ಸೇವೆ ಸಲ್ಲಿಸುವ ಇಂದಿನ ಮೈಲಾರದ ಗೊರವರೊಡನೆ ಅವನನ್ನು ಸಮೀಕರಿಸಬಾರದು.

ಈ ಕಲ್ಲಿನ ಮಹತ್ವವನ್ನು ಚರಿತ್ರಕಾರರು ತಕ್ಕೋಲದ ಯುದ್ಧದ ದೃಷ್ಟಿಯಿಂದ ವಿವರಿಸಿದ್ದಾರೆ. ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಕೃಷ್ಣನು ಕೊಟ್ಟ ಸಂಗತಿಯೂ ಇಲ್ಲಿಯೇ ಇದೆ. ಬೂತುಗನು ಮಣಲೇರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದುದರ ಉಡುಗೊರೆಯಾಗಿ, ಕೊಟ್ಟನು. ಆದರೆ ಕಲ್ಲು ನಿಂತದ್ದು ಸಾಮ್ರಾಜ್ಯದ ಗೆಲುವಿಗಾಗಿ ಮಾತ್ರವಲ್ಲ. ದಕ್ಷಿಣ ಭಾರತದ ದೊಡ್ಡ ಯುದ್ಧವೊಂದರ ಪ್ರಮುಖ ಆಕರ ಒಂದು ನಾಯಿಯ ಸ್ಮಾರಕವೂ ಆಗಿದೆ ಎಂಬುದನ್ನು ನಾವು ಮರೆಯಬಾರದು.

ಈ ಶಾಸನದ ಒಂದು ಶಬ್ದದ ಚರ್ಚೆ ಕನ್ನಡ ವಿದ್ಯಾರ್ಥಿಗಳಿಗೆ ಪಾಠದಂತಿದೆ. ಬೂತುಗನು ರಾಜಾದಿತ್ಯನನ್ನು ಕೊಂದ ರೀತಿಯನ್ನು ಹೇಳುವಲ್ಲಿ ‘ಬಿಸುಗೆ’ ಎಂಬ ಮಾತು ಬರುತ್ತದೆ. ಫ್ಲೀಟ್ ಮೊದಲು ಆ ವಾಕ್ಯಕ್ಕೆ ಅಪ್ಪಿಕೊಂಡು ಮೋಸದಿಂದ ಇರಿದನೆಂಬ ಅರ್ಥವನ್ನು ಮಾಡಿದ್ದರು. ಬಿಸುಗೆ ಎಂದರೆ ಆನೆಯ ಮೇಲಿನ ಅಂಬಾರಿ, ಅದನ್ನೇ ಕಳನಾಗಿ, ಅಂದರೆ ಯುದ್ಧಭೂಮಿಯಾಗಿ, ಮಾಡಿಕೊಂಡು ಹೋರಾಡಿದನು ಎಂಬುದು ತರುವಾಯ ಸ್ಪಷ್ಟವಾಯಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂಬ ಚೋಳರ ದಾಖಲೆಯೂ ಇದಕ್ಕೆ ಹೊಂದುತ್ತದೆ. ಒಂದು ಶಬ್ದ ತಿಳಿಯದಿದ್ದುದರಿಂದ ವೀರನೊಬ್ಬ ಕೆಲಕಾಲ ದ್ರೋಹಿಯಾಗಿದ್ದ. ನಾಯಿಯ ವಿಷಯದಲ್ಲಿಯೂ ಶಾಸನದ ಶಬ್ದಗಳನ್ನು ಇಷ್ಟೇ ಎಚ್ಚರಿಕೆಯಿಂದ ಓದಬೇಕಾಗಿದೆ.

3. ಕಾಳಿ ಮುಧೋಳ ತಳಿಯ ನಾಯಿಯೇ?

ಶಾಸನ ಕಾಳಿಯ ಹೆಸರನ್ನು ಹೇಳುತ್ತದೆ, ಅದರ ಕೆಲಸವನ್ನು ಹೇಳುತ್ತದೆ, ಸಾವನ್ನು ಹೇಳುತ್ತದೆ, ತಳಿಯನ್ನು ಹೇಳುವುದಿಲ್ಲ. ಕಾಳಿ ಎಂಬ ಹೆಸರು ಕಪ್ಪು ಬಣ್ಣವನ್ನು ಸೂಚಿಸಬಹುದು, ಉಗ್ರತೆಯನ್ನು ಸೂಚಿಸಬಹುದು. ಅದು ಒಂದು ನಾಯಿಯ ಅಂಕಿತನಾಮವೇ ಹೊರತು ಜಾತಿಯ ಹೆಸರಲ್ಲ. ಹೀಗಿರುವಾಗ ತಳಿಯ ನಿರ್ಣಯಕ್ಕೆ ಉಳಿಯುವ ಆಧಾರ ಅದು ಮಾಡಿದ ಕೆಲಸ ಮತ್ತು ಮಾಡಿದ ಸ್ಥಳ.

ಸ್ಥಳವನ್ನು ಶಾಸನ ಮೊರಡಿ ಎನ್ನುತ್ತದೆ. ಮೊರಡಿ ಎಂದರೆ ಕಲ್ಲುಗಳಿಂದ ಕೂಡಿದ ಒರಟು ದಿಣ್ಣೆ, ಸಣ್ಣ ಗುಡ್ಡ. ಕೆಲಸ ಹಂದಿಯನ್ನು ತಡೆದು ನಿಲ್ಲಿಸುವುದು. ಕಾಡುಹಂದಿ ಓಡಿ ತಪ್ಪಿಸಿಕೊಳ್ಳುವುದಕ್ಕಿಂತ ತಿರುಗಿ ನಿಂತು ಕೋರೆಯಿಂದ ಸೀಳುವ ಪ್ರಾಣಿ. ಅದರ ಮೇಲೆ ಬಿಡುವ ನಾಯಿಗೆ ಬೇಕಾದುದು ವೇಗಕ್ಕಿಂತ ಹೆಚ್ಚಾಗಿ ಕಸುವು, ಹಿಡಿತ, ಗಾಯವನ್ನು ಲೆಕ್ಕಿಸದ ಕೆಚ್ಚು. ಮುಧೋಳ ನಾಯಿಯ ಕೆಲಸವಾದರೋ ಘಟಪ್ರಭೆಯ ಆಸುಪಾಸಿನ ಬಯಲಿನಲ್ಲಿ ಮೊಲವನ್ನೂ ಜಿಂಕೆಯನ್ನೂ ಅಟ್ಟಿ ಹಿಡಿಯುವುದು. ತೆಳು ಚರ್ಮ, ಸಣ್ಣ ಎಲುಬು, ಕಿರಿದಾದ ದವಡೆಯ ಈ ನಾಯಿಯನ್ನು ಕಲ್ಲುಗುಡ್ಡದಲ್ಲಿ ಒಂಟಿಯಾಗಿ ದೊಡ್ಡ ಹಂದಿಯ ಮೇಲೆ ಬಿಡುವುದು ಆ ದೇಹರಚನೆಗೆ ಒಪ್ಪುವ ಕೆಲಸವಲ್ಲ. ಮೇಲಾಗಿ ಆತಕೂರಿನ ಶಾಸನಕ್ಕೂ ಮುಧೋಳದ ತಳಿಯನ್ನು ಆ ಹೆಸರಿನಿಂದ ಗುರುತಿಸತೊಡಗಿದ ಕಾಲಕ್ಕೂ ನಡುವೆ ಸುಮಾರು ಸಾವಿರ ವರ್ಷಗಳ ಅಂತರವಿದೆ.

ಆದ್ದರಿಂದ ಕಾಳಿಯನ್ನು ಮುಧೋಳ ನಾಯಿಯ ಪೂರ್ವಜನೆಂದು ಹೇಳಲು ಶಾಸನದಲ್ಲಿ ಆಧಾರವಿಲ್ಲ. ಹೀಗೆ ಹೇಳುವುದರಿಂದ ಮುಧೋಳ ನಾಯಿಯ ಹಿರಿಮೆಗೆ ಕುಂದೇನೂ ಬಾರದು. ವಂಶಾವಳಿಯನ್ನು ಹುಡುಕುವ ಆತುರದಲ್ಲಿ ಶಾಸನ ನಿಜವಾಗಿ ಹೇಳುತ್ತಿರುವುದನ್ನು ನಾವು ಕೇಳಿಸಿಕೊಂಡಿಲ್ಲ ಎಂಬುದೇ ನನ್ನ ಆಕ್ಷೇಪ.

ಶಾಸನ ಹೇಳುವುದೇನು? ಹಂದಿ ನಾಯಿಗಳ ಸಾವನ್ನು ಸೂಚಿಸಲು ಅದು ‘ಒಡ’ ಎಂಬ ಪದವನ್ನು ಸಾಯ್ ಧಾತುವಿನೊಡನೆ ಕೂಡಿಸುತ್ತದೆ. ಒಡಹುಟ್ಟು, ಒಡನಾಡಿ, ಒಡಗೂಡು ಎಂಬಲ್ಲಿ ಇರುವ ‘ಒಡ’ವೇ ಇದು. ಕೂಡಿ ಹುಟ್ಟುವುದು ಒಡಹುಟ್ಟಾದರೆ ಇದು ಕೂಡಿ ಸಾಯುವುದು. ನಾಯಿ ಗೆದ್ದಿತೆಂದಾಗಲಿ ಹಂದಿ ಸೋತಿತೆಂದಾಗಲಿ ಶಾಸನ ಹೇಳುವುದಿಲ್ಲ. ಎದುರಾಳಿಗೂ ಅದೇ ಕ್ರಿಯಾಪದ. ವೀರಗಲ್ಲಿನ ಭಾಷೆಯನ್ನೇ ನಾಯಿಗೆ ಬಳಸಿದ, ಅಷ್ಟೇ ಮಿತಭಾಷೆಯ ಬರೆಹ ಇದು. ಒಡೆಯನ ಕೆಲಸದಲ್ಲಿ ಪ್ರಾಣ ಬಿಟ್ಟವನಿಗೆ ಕಲ್ಲು, ಭೂಮಿ, ಪೂಜೆ ಎಂಬ ಮೂರು ಸಲ್ಲಬೇಕೆಂಬ ಧರ್ಮ ನಾಯಿಗೂ ಅನ್ವಯವಾಯಿತು ಎಂಬುದು ಇಲ್ಲಿನ ಮುಖ್ಯ ಸಂಗತಿ.

4. ಮುದುವೊಳಲಿನಿಂದ ಮುಧೋಳಕ್ಕೆ

ಮುಧೋಳದ ಹಳೆಯ ಹೆಸರು ಮುದುವೊಳಲು. ಪೊಳಲ್ ಎಂದರೆ ಪಟ್ಟಣ. ಕವಿಚಕ್ರವರ್ತಿ ರನ್ನನು ಹುಟ್ಟಿದ ಊರು ಇದು. ಬಳೆಗಾರರ ಮನೆಯಲ್ಲಿ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಅವನು ಹುಟ್ಟಿದ್ದು ಕ್ರಿ.ಶ. 949ರ ಸೌಮ್ಯ ಸಂವತ್ಸರದಲ್ಲಿ. ಆತಕೂರಿನ ಕಲ್ಲಿನಲ್ಲಿ ನಮೂದಾಗಿರುವುದೂ ಅದೇ ಸಂವತ್ಸರ. ಇದು ಕಾಕತಾಳೀಯ, ಇದರಿಂದ ಯಾವ ನಿರ್ಣಯವನ್ನೂ ಮಾಡಬೇಕಾಗಿಲ್ಲ. ಆದರೆ ಮುಧೋಳಕ್ಕೆ ಪ್ರಾಚೀನತೆಯ ಹಿರಿಮೆ ಬೇಕಾದಲ್ಲಿ ಅದನ್ನು ತಂದುಕೊಡಲು ರನ್ನನೊಬ್ಬನೇ ಸಾಕು, ಕಾಳಿಯನ್ನು ಗಂಗರ ನಾಡಿನಿಂದ ಎಳೆದು ತರಬೇಕಾಗಿಲ್ಲ ಎಂಬುದಕ್ಕಾಗಿ ಈ ಮಾತನ್ನು ಹೇಳಿದೆ.

ನಾಯಿಯ ಚರಿತ್ರೆ ಮುಧೋಳದಲ್ಲಿ ಎರಡು ನೆಲೆಗಳಲ್ಲಿ ಕಾಣುತ್ತದೆ. ಒಂದು ಜನರ ನೆಲೆ. ಇನ್ನೊಂದು ಅರಮನೆಯ ನೆಲೆ. ಈ ನಾಯಿಯನ್ನು ಹಳ್ಳಿಗಳಲ್ಲಿ ಕಾರವಾನಿ ಎಂದೂ ಕರೆಯುತ್ತಾರೆ. ವ್ಯಾಪಾರದ ಸಾರ್ಥಗಳೊಡನೆ ಪಶ್ಚಿಮ ಮತ್ತು ಮಧ್ಯ ಏಷ್ಯಾದಿಂದ ಬಂದ ನಾಯಿಗಳ ಸಂತತಿ ಇದೆಂಬ ಅಭಿಪ್ರಾಯ ಈ ಹೆಸರಿನೊಡನೆ ಬೆಳೆದಿದೆ. ಸಲೂಕಿಯೊಡನೆ ಇರುವ ದೇಹಸಾಮ್ಯ ಈ ಅಭಿಪ್ರಾಯಕ್ಕೆ ಬೆಂಬಲ. ಕಿವಿ, ಬಾಲಗಳಲ್ಲಿ ನಯವಾದ ಉದ್ದ ಕೂದಲಿರುವ ಬಗೆಗೆ ಪಶ್ಮಿ ಎಂಬ ಹೆಸರಿದೆ. ಪಾರಸಿಯಲ್ಲಿ ಪಶ್ಮ್ ಎಂದರೆ ಉಣ್ಣೆ. ಕರ್ನಾಟಕದ ಉತ್ತರ ಜಿಲ್ಲೆಗಳು ಮತ್ತು ಅವುಗಳಿಗೆ ಹೊಂದಿದ ಮಹಾರಾಷ್ಟ್ರದ ದಕ್ಷಿಣ ಭಾಗ ಈ ನಾಯಿಯ ನಿಜವಾದ ನೆಲ. ಕಣ್ಣಳತೆಗೆ ಸಿಗುವ ಬಯಲು, ಕುರುಚಲು, ಹೊಲದ ಬದು ಇವುಗಳ ನಡುವೆ ರೈತರೂ ಕುರುಬರೂ ಬೇಡರೂ ಇದನ್ನು ಸಾಕಿಕೊಂಡು ಬಂದರು.

ಬೇಡರ ಮಾತು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯನ್ನು ನೆನೆಯಬೇಕು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯ ವಿರುದ್ಧ ಹಲಗಲಿಯ ಬೇಡರು ಬಂಡೆದ್ದರು. ಬೇಟೆಯೇ ಬಾಳಾಗಿದ್ದವರಿಗೆ ಆಯುಧ ಕೇವಲ ಕಬ್ಬಿಣವಲ್ಲ, ಅನ್ನ ಮತ್ತು ಮಾನ. ಆ ಬಂಡಾಯದ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದವರಲ್ಲಿ ಆತಕೂರಿನ ಶಾಸನವನ್ನು ಸಂಪಾದಿಸಿದ ಫ್ಲೀಟ್ ಅವರೂ ಒಬ್ಬರು. ಬೇಟೆಯ ಸಂಸ್ಕೃತಿಯ ಎರಡು ಕನ್ನಡ ದಾಖಲೆಗಳು, ಒಂದು ಶಿಲೆಯದು ಇನ್ನೊಂದು ನಾಲಗೆಯದು, ಒಬ್ಬನೇ ವಿದ್ವಾಂಸನ ಕೈ ದಾಟಿ ಬಂದಿವೆ.

ಅರಮನೆಯ ನೆಲೆಯ ಚರಿತ್ರೆ ಘೋರ್ಪಡೆ ಮನೆತನದ ಮಾಲೋಜಿರಾವ್ ಅವರದು. 1900ರಿಂದ 1937ರವರೆಗೆ ಮುಧೋಳವನ್ನು ಆಳಿದ ಇವರು ಸುತ್ತಲಿನ ಬೇಟೆಗಾರರು ಸಾಕುತ್ತಿದ್ದ ಈ ನಾಯಿಗಳ ಗುಣವನ್ನು ಗುರುತಿಸಿ, ಒಳ್ಳೆಯವನ್ನು ಆಯ್ದು ಕ್ರಮವಾಗಿ ಸಂತಾನ ಬೆಳೆಸಿದರೆಂದು ಪ್ರತೀತಿ. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆಯಾಗಿ ಕೊಟ್ಟರೆಂದೂ ಅಲ್ಲಿಂದ ಮುಧೋಳದ ಹೆಸರು ನಾಯಿಗೆ ಅಂಟಿಕೊಂಡಿತೆಂದೂ ಹೇಳುತ್ತಾರೆ. ತಳಿ ಎಂಬ ಕಲ್ಪನೆ ಇಲ್ಲಿಂದ ಸ್ಪಷ್ಟವಾಗುತ್ತದೆ. ಬೇಡನಿಗೆ ಒಳ್ಳೆಯ ನಾಯಿ ಎಂದರೆ ಮೊಲ ಹಿಡಿಯುವ ನಾಯಿ. ಅರಮನೆಗೆ ಒಳ್ಳೆಯ ನಾಯಿ ಎಂದರೆ ಲಕ್ಷಣಗಳು ಒಂದೇ ಬಗೆಯಾಗಿ ಮರಿಗಳಲ್ಲಿ ಮರುಕಳಿಸುವ ನಾಯಿ. ಎರಡು ಅಳತೆಗೋಲುಗಳೂ ಸರಿಯೇ. ಆದರೆ ಮೊದಲನೆಯದು ಇಲ್ಲದೆ ಎರಡನೆಯದು ಹುಟ್ಟುತ್ತಿರಲಿಲ್ಲ.

ಹೆಸರಿನ ಗೊಂದಲ ಇಂದಿಗೂ ಉಳಿದಿದೆ. ಭಾರತೀಯ ಕೆನಲ್ ಕ್ಲಬ್ ಈ ನಾಯಿಯನ್ನು ಕಾರವಾನ್ ಹೌಂಡ್ ಎಂಬ ಹೆಸರಿನಿಂದಲೂ ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ಮುಧೋಳ ಹೌಂಡ್ ಎಂಬ ಹೆಸರಿನಿಂದಲೂ ಮಾನ್ಯಮಾಡಿವೆ. ಒಂದು ಹೆಸರು ದಾರಿಯನ್ನು ನೆನೆಯುತ್ತದೆ, ಇನ್ನೊಂದು ಊರನ್ನು.

5. ಬೇಟೆಯ ಮಾತು

ಬೇಟೆ ಕನ್ನಡ ಕಾವ್ಯದ ಪ್ರಿಯ ವಸ್ತುಗಳಲ್ಲಿ ಒಂದು. ಪಂಪಭಾರತದಲ್ಲಿ, ಹರಿಹರನ ಕಣ್ಣಪ್ಪನ ಕಥೆಯಲ್ಲಿ, ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ, ಕುಮಾರವ್ಯಾಸನ ಅರಣ್ಯಪರ್ವದಲ್ಲಿ ಬೇಟೆಯ ಪ್ರಸಂಗಗಳಿವೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಮೊದಲ ಅರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೃಗಯಾ ವಿನೋದಕ್ಕೆ ಒಂದು ಪ್ರಕರಣವಿರುವುದಲ್ಲದೆ ನಾಯಿಗಳಿಗಾಗಿಯೇ ಸಾರಮೇಯ ವಿನೋದವೆಂಬ ಪ್ರತ್ಯೇಕ ಪ್ರಕರಣವಿದೆ. ಕನ್ನಡ ನಾಡಿನ ಅರಸನೊಬ್ಬ ನಾಯಿಯನ್ನು ಶಾಸ್ತ್ರಕ್ಕೆ ತಕ್ಕ ವಿಷಯವೆಂದು ಭಾವಿಸಿದ್ದನೆಂಬುದಕ್ಕೆ ಇದು ಸಾಕ್ಷಿ.

ಈ ಸಾಹಿತ್ಯದ ಹಿಂದೆ ಸಮೃದ್ಧವಾದ ಪದಸಂಪತ್ತಿದೆ. ಬೇಂಟೆ ಇಂದಿನ ಬೇಟೆಯಾಯಿತು. ಮೃಗವನ್ನು ಪೊದೆಯಿಂದ ಎಬ್ಬಿಸಿ ಅಟ್ಟುವುದು ಸೋವು, ಸೋಹು. ಬೇರೆ ಮೃಗಗಳನ್ನು ಸೆಳೆಯಲು ಪಳಗಿಸಿ ಇಟ್ಟ ಮೃಗ ದೀವ, ದೀಹ. ನಾಯಿಯನ್ನು ಹಿಡಿದೊಯ್ಯುವ ಹಗ್ಗ ಹಾಸ. ಬೇಟೆಯ ನಾಯಿಗೆ ಜಾಯಿಲವೆಂಬ ಪದವೇ ಇತ್ತು; ತೆಲುಗಿನ ಜಾಗಿಲಮು ಅದರ ಜ್ಞಾತಿ. ಸಂಸ್ಕೃತದ ಶುನಕ ಸೊಣಗವಾಯಿತು. ನಾಯಿಯ ಮರಿ ಕುನ್ನಿ. ಇವುಗಳಲ್ಲಿ ಎಷ್ಟನ್ನು ಇಂದಿನ ವಿದ್ಯಾರ್ಥಿ ನಿಘಂಟಿನ ನೆರವಿಲ್ಲದೆ ಗುರುತಿಸಬಲ್ಲ? ಜಾಯಿಲ ಮರೆತುಹೋಗಿದೆ. ದೀಹ ಮರೆಯಾಗಿದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಪಾರಸಿ ಮೂಲದ ಶಿಕಾರಿ ಬೇಟೆಯ ಜಾಗವನ್ನು ಬಹುಮಟ್ಟಿಗೆ ಹಿಡಿದಿದೆ.

ಶಬ್ದಗಳ ಈ ಮರೆವಿಗೂ ನಾಯಿಯ ಸ್ಥಿತಿಗೂ ಕಾರಣ ಒಂದೇ: ಕೆಲಸ ನಿಂತಿತು. 1948ರಲ್ಲಿ ಮುಧೋಳ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಅರಮನೆಯ ಆಶ್ರಯ ತಪ್ಪಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾಗೂ ಅದರ 1991ರ ತಿದ್ದುಪಡಿಯಿಂದ ಮೊಲ, ಜಿಂಕೆಗಳ ಬೇಟೆ ನಿಷಿದ್ಧವಾಯಿತು. ಈ ಕಾಯ್ದೆ ಅಗತ್ಯವಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಬಯಲುಸೀಮೆಯ ಜಿಂಕೆ ಉಳಿದುಕೊಂಡದ್ದು ಇಂಥ ನಿಷೇಧದಿಂದಲೇ. ಆದರೆ ಯಾವ ಕೆಲಸ ಈ ನಾಯಿಯ ದೇಹವನ್ನೂ ಸ್ವಭಾವವನ್ನೂ ತಿದ್ದಿತ್ತೋ ಅದು ಇಲ್ಲವಾಯಿತು ಎಂಬುದೂ ಅಷ್ಟೇ ನಿಜ. ಕೆಲಸದಲ್ಲಿ ಪರೀಕ್ಷೆಯಾಗದ ತಳಿಯನ್ನು ನೋಟದಿಂದ ಮಾತ್ರ ಆಯ್ದು ಬೆಳೆಸಿದರೆ ಉಳಿಯುವುದು ಆಕಾರ; ಎದೆಯ ಕಸುವು, ಕಾಲಿನ ಗಟ್ಟಿತನ, ತಾನೇ ನಿರ್ಧರಿಸುವ ಬುದ್ಧಿ ಮೆಲ್ಲಮೆಲ್ಲನೆ ಸಡಿಲಾಗಬಹುದು. ಬಳಕೆ ತಪ್ಪಿದ ಪದ ನಿಘಂಟಿನಲ್ಲಿ ಉಳಿದಂತೆ ಅದು.

6. ಮೀರತ್ ಮತ್ತು ಕರ್ನಾಲ್

ಈ ಹಿನ್ನೆಲೆಯಲ್ಲಿ ಇತ್ತೀಚಿನ ಬೆಳವಣಿಗೆಗಳನ್ನು ನೋಡಬೇಕು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಕೆಲಸ ಮಾಡುತ್ತಿದೆ. 2005ರ ಜನವರಿ 9ರಂದು ಭಾರತೀಯ ಅಂಚೆ ಇಲಾಖೆ ನಾಲ್ಕು ದೇಶೀ ನಾಯಿತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂ ನಾಯಿಗಳೊಡನೆ ಮುಧೋಳ ನಾಯಿಗೂ ಸ್ಥಾನ ದೊರೆಯಿತು.

2016ರಲ್ಲಿ ಮುಧೋಳದ ಕೆಲವು ಮರಿಗಳನ್ನು ಮೀರತ್‌ನಲ್ಲಿರುವ ಸೇನೆಯ ರಿಮೌಂಟ್ ವೆಟರ್ನರಿ ಕೋರ್ ಕೇಂದ್ರಕ್ಕೆ ತರಬೇತಿಗಾಗಿ ತರಲಾಯಿತು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮೊದಲಾದ ಪರದೇಶದ ನಾಯಿಗಳನ್ನೇ ನೆಚ್ಚಿಕೊಂಡಿದ್ದ ಸೇನೆ ದೇಶೀ ತಳಿಯೊಂದನ್ನು ಹೀಗೆ ಒರೆಗೆ ಹಚ್ಚಿದ್ದು ಗಮನಾರ್ಹ. 2020ರ ಆಗಸ್ಟಿನಲ್ಲಿ ಪ್ರಧಾನಿಯವರ ಬಾನುಲಿ ಭಾಷಣದಲ್ಲಿ ಈ ತಳಿಯ ಉಲ್ಲೇಖ ಬಂದ ಮೇಲೆ ಅದರ ಹೆಸರು ದೇಶದಲ್ಲೆಲ್ಲ ಹರಡಿತು. ಹೆಸರು ಹರಡಿದಂತೆ ಪಟ್ಟಣದ ಮನೆಗಳಿಂದಲೂ ಮರಿಗಳಿಗೆ ಬೇಡಿಕೆ ಬರುತ್ತದೆ. ಓಡಲು ಬಯಲಿಲ್ಲದ ಮನೆಗೆ ಬಯಲಿನ ನಾಯಿಯನ್ನು ತರುವುದು ಅಭಿಮಾನವಾಗಬಹುದು, ಆರೈಕೆಯಾಗದು.

ಕರ್ನಾಲ್‌ನ ಕಥೆ ಇನ್ನೊಂದು ಬಗೆಯದು. ದೇಶದ ಸಾಕುಪ್ರಾಣಿಗಳ ತಳಿಗಳನ್ನು ದಾಖಲಿಸುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂ‍ಲಗಳ ಸಂಸ್ಥೆ 1984ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮರುವರ್ಷ ಕರ್ನಾಲ್‌ಗೆ ಸ್ಥಳಾಂತರಗೊಂಡಿತು. ಹಸು, ಎಮ್ಮೆ, ಆಡು, ಕುರಿಗಳ ತಳಿಗಳನ್ನು ನೋಂದಾಯಿಸುತ್ತ ಬಂದ ಆ ಸಂಸ್ಥೆ ನಾಯಿಗಳನ್ನು ಮೊದಲಬಾರಿಗೆ ಪಟ್ಟಿಗೆ ಸೇರಿಸಿದಾಗ ರಾಜಪಾಳಯಂ, ಚಿಪ್ಪಿಪಾರೈಗಳ ಜೊತೆ ಮುಧೋಳ ನಾಯಿಯನ್ನೂ ಸೇರಿಸಿತು. ಈ ನೋಂದಣಿಯಲ್ಲಿರುವುದು ಇಡೀ ತಳಿಯ ಹೆಸರು. ಯಾವುದೋ ಒಂದು ನಾಯಿಯ ಹೆಸರಲ್ಲ. ಆತಕೂರಿನ ಕಲ್ಲಿನಲ್ಲಿರುವುದು ಒಂದೇ ನಾಯಿಯ ಹೆಸರು, ತಳಿಯ ಹೆಸರಿಲ್ಲ. ನಡುವಿನ ಸಾವಿರ ವರ್ಷಗಳಲ್ಲಿ ನಾಯಿಯನ್ನು ಕಾಣುವ ಬಗೆ ಹೇಗೆ ಬದಲಾಯಿತೆಂಬುದನ್ನು ಈ ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟಾಗ ಕಾಣಬಹುದು.

ಹೊಸ ಕೆಲಸಕ್ಕೆ ಈ ನಾಯಿ ಒಗ್ಗುವುದೇ ಎಂಬ ಸಂದೇಹ ಸಹಜವಾದುದು. ಕಣ್ಣಿನ ನಾಯಿಗೆ ಮೂಗಿನ ಕೆಲಸವನ್ನು ಕಲಿಸುವುದು ಸುಲಭವಲ್ಲ. ಆದರೂ 2024ರ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ ಜಾಡು ಹಿಡಿಯುವ ವಿಭಾಗದಲ್ಲಿಯೇ ಮೊದಲ ಸ್ಥಾನ ಪಡೆಯಿತು. ಒಂದು ಉದಾಹರಣೆಯಿಂದ ಇಡೀ ತಳಿಯ ಬಗೆಗೆ ತೀರ್ಮಾನ ಕೊಡಲಾಗದು. ಆದರೆ ಕೆಲಸ ಕೊಟ್ಟರೆ ಕಲಿಯುವ ಶಕ್ತಿ ಈ ನಾಯಿಯಲ್ಲಿ ಬತ್ತಿಲ್ಲ ಎಂಬುದಕ್ಕೆ ಅದು ಸಾಕಾದ ಸಾಕ್ಷಿ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಆತಕೂರಿನ ಕಾಳಿ ಮತ್ತು ಮುಧೋಳದ ನಾಯಿಯ ನಡುವೆ ರಕ್ತಸಂಬಂಧವನ್ನು ಸ್ಥಾಪಿಸಲು ಶಾಸನದಲ್ಲಿ ಆಧಾರವಿಲ್ಲ. ಕೆಲಸದ ಸ್ವರೂಪ ಮತ್ತು ನೆಲದ ಸ್ವರೂಪ ಅದಕ್ಕೆ ವಿರುದ್ಧವಾಗಿಯೇ ಇವೆ. ಆದರೆ ಇವೆರಡರ ನಡುವೆ ಬೇರೊಂದು ಸಂಬಂಧವಿದೆ. ಎರಡೂ ಕೆಲಸದ ನಾಯಿಗಳು. ಎರಡರ ಹಿರಿಮೆಯೂ ಕೆಲಸದಿಂದ ಬಂದುದು. ಮಣಲೇರನು ಕಾಳಿಯನ್ನು ಬೇಡಿದ್ದು ಅದರ ವಂಶ ದೊಡ್ಡದೆಂದು ಶಾಸನ ಹೇಳುವುದಿಲ್ಲ. ಕಲ್ಲು ನಿಲ್ಲಿಸಿದ್ದು ಅದು ಚೆಲುವಾದ ನಾಯಿಯೆಂದೂ ಅಲ್ಲ.

ತಳಿಯ ಅಭಿಮಾನ ಈಚಿನ ವರ್ಷಗಳಲ್ಲಿ ಪ್ರಾಂತದ ಅಭಿಮಾನವಾಗಿ, ದೇಶದ ಅಭಿಮಾನವಾಗಿ ಬೆಳೆದಿದೆ. ಅದು ಸಂತೋಷದ ಸಂಗತಿ. ಆದರೆ ಅಭಿಮಾನಕ್ಕೆ ಶಾಸನವನ್ನು ತಪ್ಪಾಗಿ ಓದುವ ಹಕ್ಕಿಲ್ಲ. ಆತಕೂರಿನ ಕಲ್ಲು ವಂಶಾವಳಿಯ ಪತ್ರವಲ್ಲ, ಋಣದ ಪತ್ರ. ದುಡಿದ ಪ್ರಾಣಿಗೆ ದುಡಿಸಿಕೊಂಡವರು ಏನನ್ನು ಸಲ್ಲಿಸಬೇಕೆಂಬುದನ್ನು ಅದು ಎರಡು ಖಂಡುಗದ ಲೆಕ್ಕದಲ್ಲಿ ಹೇಳುತ್ತದೆ. ಮುಧೋಳ ನಾಯಿಯನ್ನು ಉಳಿಸಬೇಕೆನ್ನುವವರು ಅದಕ್ಕೆ ಸಲ್ಲಿಸಬೇಕಾದುದು ಓಡುವ ನೆಲ, ತಕ್ಕ ಕೆಲಸ, ಅದನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದ ಹಳ್ಳಿಯವರಿಗೆ ಸಲ್ಲಬೇಕಾದ ಮನ್ನಣೆ.

ಕನ್ನಡ ವಿಭಾಗಗಳಿಗೂ ಇಲ್ಲೊಂದು ಕೆಲಸವಿದೆ. ಮುಧೋಳ, ಜಮಖಂಡಿ, ಬೀಳಗಿಗಳ ಹಳ್ಳಿಗಳಲ್ಲಿ ಬೇಟೆಯನ್ನು ಕಂಡು ಬೆಳೆದ ಹಿರಿಯರು ಇನ್ನೂ ಇದ್ದಾರೆ. ನಾಯಿಯ ಬಣ್ಣಕ್ಕೆ, ನಡಿಗೆಗೆ, ದೋಷಕ್ಕೆ, ರೋಗಕ್ಕೆ, ಅದನ್ನು ಕರೆಯುವ ಮತ್ತು ತಡೆಯುವ ಕೂಗಿಗೆ ಅವರ ಬಾಯಲ್ಲಿರುವ ಮಾತುಗಳನ್ನು ಈಗಲೇ ಸಂಗ್ರಹಿಸಬೇಕು. ಪಶುವಿಜ್ಞಾನಿಗಳು ತಳಿಯ ರಕ್ತವನ್ನು ದಾಖಲಿಸಬಲ್ಲರು. ಅದರ ಮಾತನ್ನು ದಾಖಲಿಸುವುದು ನಮ್ಮ ಹೊಣೆ. ಬಿಸುಗೆಯೆಂಬ ಒಂದು ಪದ ಮರೆತುದರಿಂದ ಬೂತುಗನಿಗೆ ಏನಾಯಿತೆಂಬುದನ್ನು ಬಲ್ಲ ನಾವು ಈ ಹೊಣೆಯನ್ನು ಹಗುರಾಗಿ ಎಣಿಸಲಾಗದು.